ಬೂದಿಯನ್ನೂ ಒಟ್ಟುಗೂಡಿಸುವವನು

2020ರ ಜುಲೈ ಕೊನೆ. ಕೇರಳದ ಆಲಪ್ಪುಳದ ಕಡಲಂಚಿನ ಚರ್ಚೊಂದರ ಸಮಾಧಿ ಭೂಮಿಯಲ್ಲಿ ಊರವರು ಅದುವರೆಗೆ ಕಂಡಿರದ ಕೆಲಸ ನಡೆಯಿತು. ಕೋವಿಡ್‌ನಿಂದ ತೀರಿಕೊಂಡ ಕ್ಯಾಥೊಲಿಕ್ ವೃದ್ಧೆಯೊಬ್ಬರ ದೇಹವನ್ನು ಅಲ್ಲಿ ದಹನ ಮಾಡಿದರು. ಸೋಂಕಿನಿಂದ ಸತ್ತವರಿಗೆ ಹತ್ತಡಿಗೂ ಹೆಚ್ಚು ಆಳದ ಗುಂಡಿ ಬೇಕೆಂಬುದು ಆಗಿನ ನಿಯಮ. ಆಲಪ್ಪುಳದ ತಗ್ಗು ನೆಲದಲ್ಲಿ ಅಷ್ಟು ಅಗೆಯುವ ಮೊದಲೇ ನೀರು ಉಕ್ಕುತ್ತದೆ. ದಾರಿ ಕಾಣದಾದಾಗ ಅಲ್ಲಿನ ಲ್ಯಾಟಿನ್ ಧರ್ಮಪ್ರಾಂತ್ಯದ ಬಿಷಪರು ದಹನಕ್ಕೆ ಒಪ್ಪಿಗೆ ಕೊಟ್ಟರು. ಸುಟ್ಟ ಮೇಲೆ ಉಳಿದದ್ದನ್ನು ಪ್ರಾರ್ಥನೆ ಮಾಡಿ ಅದೇ ಮಣ್ಣಿನಲ್ಲಿ ಹೂಳಿದರು.

ಸತ್ತವರು ಕೊನೆಯ ದಿನ ದೇಹಸಹಿತ ಎದ್ದು ಬರುತ್ತಾರೆ ಎಂಬುದು ಕ್ರೈಸ್ತರ ನಂಬಿಕೆ. ಹಾಗಾದರೆ ಸುಟ್ಟ ದೇಹ ಎದ್ದೀತೆ? ಈ ಪ್ರಶ್ನೆ ಕೋವಿಡ್‌ ಕಾಲದ್ದಲ್ಲ, ಸುಮಾರು ಎರಡು ಸಾವಿರ ವರ್ಷ ಹಳೆಯದು. ಅದಕ್ಕೆ ಸಿಕ್ಕ ಉತ್ತರವೂ ಅಷ್ಟೇ ಹಳೆಯದು.

ರೋನ್ ನದಿಗೆ ಚೆಲ್ಲಿದ ಬೂದಿ

ಕ್ರಿ.ಶ. 177ರಲ್ಲಿ, ಇಂದಿನ ಫ್ರಾನ್ಸಿನ ಲಿಯಾನ್ ನಗರದಲ್ಲಿ ರೋಮನ್ ಅಧಿಕಾರಿಗಳು ಹಲವು ಕ್ರೈಸ್ತರನ್ನು ಹಿಂಸಿಸಿ ಕೊಂದರು. ಕೊಂದಷ್ಟಕ್ಕೆ ಅವರಿಗೆ ಸಮಾಧಾನವಾಗಲಿಲ್ಲ. ಶವಗಳನ್ನು ಆರು ದಿನ ಬಯಲಲ್ಲೇ ಬಿಟ್ಟರು, ಆಮೇಲೆ ಸುಟ್ಟರು, ಬೂದಿಯನ್ನು ಗುಡಿಸಿ ರೋನ್ ನದಿಗೆ ಚೆಲ್ಲಿದರು. ಇವರ ದೇವರು ಇವರನ್ನು ಹೇಗೆ ಎಬ್ಬಿಸುತ್ತಾನೋ ನೋಡೋಣ ಎಂಬ ಸವಾಲು ಅದರಲ್ಲಿತ್ತು. ಅಲ್ಲಿನ ವಿಶ್ವಾಸಿಗಳು ಬರೆದ ಪತ್ರವನ್ನು ಚರಿತ್ರೆಕಾರ ಯುಸೇಬಿಯಸ್ ಉಳಿಸಿಕೊಟ್ಟಿದ್ದರಿಂದ ಈ ಸಂಗತಿ ನಮಗೆ ತಿಳಿದಿದೆ.

ಅಷ್ಟಾದರೂ ಕ್ರೈಸ್ತರು ನಂಬಿಕೆ ಬಿಡಲಿಲ್ಲ. ಮಿನುಸಿಯಸ್ ಫೆಲಿಕ್ಸ್ ಎಂಬ ಲೇಖಕ ಆ ಕಾಲದ ಆಸುಪಾಸಿನಲ್ಲೇ ಸ್ಪಷ್ಟವಾಗಿ ಬರೆದಿದ್ದಾನೆ: ಸುಟ್ಟರೆ ನಷ್ಟವಾಗುತ್ತದೆಂಬ ಭಯ ನಮಗಿಲ್ಲ, ಹೂಳುವುದು ಹಳೆಯ, ಒಳ್ಳೆಯ ಪದ್ಧತಿಯೆಂದು ಹೂಳುತ್ತೇವೆ. ಕಾಡುಮೃಗ ತಿಂದ ದೇಹಕ್ಕೂ ದೇವರ ಕೈ ನಿಲುಕುತ್ತದೆ ಎಂದು ಸಂತ ಅಗಸ್ಟೀನ್ ವಾದಿಸಿದರು. ಹೂಳುವುದರ ಹಿಂದೆ ಇದ್ದದ್ದು ಒಂದು ಚಿತ್ರ. ನೆಲಕ್ಕೆ ಬಿದ್ದ ಕಾಳು ಸತ್ತು ಬೇರೆ ರೂಪದಲ್ಲಿ ಮೊಳೆಯುವಂತೆ ದೇಹವೂ ಎಂದು ಸಂತ ಪೌಲ ಕೊರಿಂಥದವರಿಗೆ ಬರೆದಿದ್ದ. ಸಮಾಧಿ ಭೂಮಿಗೆ ಇಂಗ್ಲಿಷಿನಲ್ಲಿರುವ ‘ಸೆಮೆಟರಿ’ ಎಂಬ ಪದದ ಗ್ರೀಕ್ ಮೂಲಕ್ಕೆ ‘ಮಲಗುವ ಜಾಗ’ ಎಂದೇ ಅರ್ಥ. ಮಲಗಿದವರು ಏಳುತ್ತಾರೆ ಎಂಬ ಭರವಸೆ ಆ ಹೆಸರಿನಲ್ಲೇ ಇದೆ.

ಕರಗದ ಎಲುಬು, ಕ್ಷಮೆ ಪಡೆದ ಪಾಪಿ

ಯೆಹೂದಿಗಳ ಪುರಾತನ ವ್ಯಾಖ್ಯಾನ ಗ್ರಂಥದಲ್ಲಿ ಒಂದು ಕಥೆಯಿದೆ. ನಿಮ್ಮ ದೇವರು ಮನುಷ್ಯನನ್ನು ಯಾವುದರಿಂದ ಮತ್ತೆ ಚಿಗುರಿಸುತ್ತಾನೆ ಎಂದು ಚಕ್ರವರ್ತಿ ಹೇಡ್ರಿಯನ್, ರಬ್ಬಿ ಯೆಹೋಶುವನನ್ನು ಕೇಳುತ್ತಾನೆ. ಬೆನ್ನುಮೂಳೆಯ ‘ಲೂಝ್’ ಎಂಬ ಎಲುಬಿನಿಂದ ಎನ್ನುತ್ತಾನೆ ರಬ್ಬಿ. ಪರೀಕ್ಷೆಗೆ ಆ ಎಲುಬನ್ನು ತರಿಸುತ್ತಾರೆ. ನೀರಿನಲ್ಲಿ ಅದು ಕರಗುವುದಿಲ್ಲ, ಬೆಂಕಿಯಲ್ಲಿ ಬೇಯುವುದಿಲ್ಲ, ಬೀಸುಕಲ್ಲಿಗೆ ಪುಡಿಯಾಗುವುದಿಲ್ಲ. ಅಡೆಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆದರೆ ಅಡೆಗಲ್ಲೇ ಸೀಳುತ್ತದೆ. ಹೀಗಿದ್ದೂ ಸಂಪ್ರದಾಯಸ್ಥ ಯೆಹೂದಿಗಳು ದಹನವನ್ನು ಒಪ್ಪುವುದಿಲ್ಲ. ದೇಹ ದೇವರು ನಮ್ಮಲ್ಲಿ ನಂಬಿ ಇಟ್ಟದ್ದು, ಅದನ್ನು ನಾವಾಗಿ ನಾಶ ಮಾಡಬಾರದು ಎಂಬುದು ಅವರ ನಿಲುವು. ನಾಜಿಗಳ ಶಿಬಿರಗಳಲ್ಲಿ ಲಕ್ಷಾಂತರ ಜನರ ಶವಗಳನ್ನು ಕುಲುಮೆಗೆ ಹಾಕಿದ ಮೇಲಂತೂ ಆ ಬೆಂಕಿಯ ನೆನಪೇ ಅವರಿಗೆ ಸಂಕಟ.

ಇಸ್ಲಾಮಿನಲ್ಲೂ ಬೆನ್ನಿನ ತುದಿಯ ಎಲುಬಿನ ಮಾತು ಹದೀಸಿನಲ್ಲಿ, ಅಂದರೆ ಪ್ರವಾದಿಯ ನುಡಿಗಳಲ್ಲಿ, ಬರುತ್ತದೆ. ಅದಕ್ಕಿಂತ ಮನಸ್ಸಿಗೆ ನಾಟುವುದು ಬುಖಾರಿಯ ಹದೀಸ್ ಸಂಗ್ರಹದಲ್ಲಿರುವ ಇನ್ನೊಂದು ಕಥೆ. ಪಾಪದ ಭಾರ ಹೊತ್ತ ಒಬ್ಬ ಸಾಯುವ ಮುಂಚೆ ಮಕ್ಕಳನ್ನು ಕರೆದು, ನನ್ನನ್ನು ಸುಟ್ಟು, ಪುಡಿಮಾಡಿ, ಗಾಳಿ ಬೀಸುವ ದಿನ ತೂರಿಬಿಡಿ ಎಂದು ಹೇಳುತ್ತಾನೆ. ಮಕ್ಕಳು ಹಾಗೇ ಮಾಡುತ್ತಾರೆ. ದೇವರು ಆ ಕಣಗಳನ್ನೆಲ್ಲ ಒಟ್ಟುಗೂಡಿಸಿ ಅವನನ್ನು ಎದುರಿಗೆ ನಿಲ್ಲಿಸಿಕೊಂಡು, ಯಾಕೆ ಹೀಗೆ ಮಾಡಿಸಿದೆ ಎಂದು ಕೇಳುತ್ತಾನೆ. ನಿನ್ನ ಭಯದಿಂದ ಎನ್ನುತ್ತಾನೆ ಆತ. ದೇವರು ಅವನನ್ನು ಕ್ಷಮಿಸುತ್ತಾನೆ.

ಗಾಳಿಗೆ ತೂರಿದ ಬೂದಿಯೂ ದೇವರಿಗೆ ದೂರವಲ್ಲ ಎಂದು ಹೇಳುವ ಧರ್ಮವೇ ದಹನವನ್ನು ಕಟ್ಟುನಿಟ್ಟಾಗಿ ನಿಷೇಧಿಸುತ್ತದೆ. ಸತ್ತವರ ಎಲುಬು ಮುರಿಯುವುದು ಬದುಕಿರುವವರ ಎಲುಬು ಮುರಿದಂತೆ ಎಂಬುದು ಅಲ್ಲಿನ ಇನ್ನೊಂದು ಬೋಧನೆ. ಅಂದರೆ ಅಳುಕು ದೇವರ ಶಕ್ತಿಯ ಬಗ್ಗೆ ಇಲ್ಲ. ಉಳಿದವರ ಕೈಗಳು ಆ ದೇಹವನ್ನು ಹೇಗೆ ಮುಟ್ಟುತ್ತವೆ ಎಂಬುದೇ ಅಲ್ಲಿನ ಕಾಳಜಿ.

ರೋಮ್ ತಡೆದದ್ದೇಕೆ, ಬಿಟ್ಟದ್ದೇಕೆ?

ಹಾಗಾದರೆ ಕ್ಯಾಥೊಲಿಕ್ ಚರ್ಚ್ ಇಷ್ಟು ಕಾಲ ದಹನವನ್ನು ತಡೆದದ್ದೇಕೆ? ಎಂಟನೆಯ ಶತಮಾನದ ಕೊನೆಯಲ್ಲಿ ಶಾರ್ಲಮೇನ್ ದೊರೆ ಸ್ಯಾಕ್ಸನರಲ್ಲಿ ಶವ ಸುಡುವವರಿಗೆ ಮರಣದಂಡನೆ ವಿಧಿಸಿದ್ದ; ಹಳೆಯ ದೇವರುಗಳನ್ನು ಬಿಡಿಸುವುದು ಅದರ ಉದ್ದೇಶ. ಹತ್ತೊಂಬತ್ತನೆಯ ಶತಮಾನದಲ್ಲಿ ಜಗಳ ಬೇರೆ ರೂಪ ಪಡೆಯಿತು. 1873ರ ವಿಯೆನ್ನಾ ಪ್ರದರ್ಶನದಲ್ಲಿ ಪಡುವಾದ ಪ್ರಾಧ್ಯಾಪಕ ಬ್ರುನೆಟ್ಟಿ ಶವದಹನದ ಕುಲುಮೆಯನ್ನು ಜನರ ಮುಂದಿಟ್ಟ. ಇಟಲಿಯಲ್ಲಿ ಚರ್ಚನ್ನು ವಿರೋಧಿಸುತ್ತಿದ್ದ ಫ್ರೀಮೇಸನ್ನರು ದಹನವನ್ನೇ ತಮ್ಮ ಬಾವುಟ ಮಾಡಿಕೊಂಡರು. ಸತ್ತ ಮೇಲೂ ಪಾದ್ರಿಯ ಕೈಗೆ ಸಿಗುವುದಿಲ್ಲ ಎಂಬ ಘೋಷಣೆ ಅದು. 1886ರಲ್ಲಿ ರೋಮ್ ದಹನವನ್ನು ನಿಷೇಧಿಸಿತು.

ಜಗಳದ ಕಾವು ಆರಿದ ಮೇಲೆ, 1963ರಲ್ಲಿ, ಆ ನಿಷೇಧ ಸಡಿಲವಾಯಿತು. 1983ರ ಧರ್ಮಸಂಹಿತೆ ಹೂಳುವುದನ್ನೇ ಮನಸಾರೆ ಶಿಫಾರಸು ಮಾಡುತ್ತದೆ. ಕ್ರೈಸ್ತ ಬೋಧನೆಯನ್ನು ಧಿಕ್ಕರಿಸಲೆಂದು ಆರಿಸಿಕೊಂಡದ್ದಲ್ಲವಾದರೆ ದಹನಕ್ಕೂ ಅಡ್ಡಿಯಿಲ್ಲ ಎನ್ನುತ್ತದೆ. ಆರ್ಥಡಾಕ್ಸ್ ಚರ್ಚುಗಳು ಈಗಲೂ ಒಪ್ಪಿಲ್ಲ. ಗ್ರೀಸಿನಲ್ಲಿ 2006ರಲ್ಲಿ ಕಾನೂನು ಬಂದರೂ ಮೊದಲ ಚಿತಾಗಾರ ತೆರೆಯಲು 2019 ಆಗಬೇಕಾಯಿತು.

2016ರಲ್ಲಿ ವ್ಯಾಟಿಕನ್ ಮತ್ತೊಂದು ಆದೇಶ ಹೊರಡಿಸಿತು. ಅದರ ಚಿಂತೆ ಬೆಂಕಿಯದಲ್ಲ, ಬೂದಿಯದು. ಚಿತಾಭಸ್ಮವನ್ನು ಗಾಳಿಗೆ ತೂರಬಾರದು, ನೀರಿಗೆ ಬಿಡಬಾರದು, ಬಂಧುಗಳು ಹಂಚಿಕೊಳ್ಳಬಾರದು, ಪವಿತ್ರ ಸ್ಥಳದಲ್ಲೇ ಇಡಬೇಕು. 2023ರ ಡಿಸೆಂಬರಿನಲ್ಲಿ, ಸತ್ತವರಿಗೆ ಮುಖ್ಯವಾಗಿದ್ದ ಜಾಗವೊಂದರಲ್ಲಿ ಬೂದಿಯ ಚಿಕ್ಕ ಭಾಗವನ್ನು ಷರತ್ತಿನ ಮೇಲೆ ಇಡಬಹುದು ಎಂಬಷ್ಟು ಸಡಿಲಿಕೆ ಸಿಕ್ಕಿತು.

ಬಿಡುವುದು ಮತ್ತು ಇಡುವುದು

ಬೂದಿಯ ಬಗೆಗಿನ ವ್ಯಾಟಿಕನ್ ಆದೇಶ ಓದಿದಾಗ ನನಗೆ ಅಪ್ಪನ ಅಸ್ಥಿಸಂಚಯನದ ಬೆಳಿಗ್ಗೆ ನೆನಪಾಯಿತು. ಬೂದಿಯ ಮೇಲೆ ಹಾಲು, ನೀರು ಚಿಮುಕಿಸಿದ ಮೇಲೆ, ಪಾದದ ಕಡೆಯಿಂದ ಶುರುಮಾಡಿ ಎಂದರು ಪುರೋಹಿತರು. ದೇಹ ಸುಟ್ಟು ಹೋದಾಗ ಬರೀ ಬೂದಿ ಉಳಿಯುತ್ತದೆಂದು ನಾನು ತಿಳಿದಿದ್ದೆ. ಆದರೆ ಎಂಟುನೂರು ಡಿಗ್ರಿಯ ಕಾವಿನಲ್ಲೂ ಎಲುಬು ಪೂರ್ತಿ ಉರಿದುಹೋಗುವುದಿಲ್ಲ. ಸುಣ್ಣದಂತೆ ಬೆಳ್ಳಗೆ, ಹಗುರಾಗಿ ಉಳಿಯುತ್ತದೆ. ಎತ್ತಿಕೊಂಡ ಮೊದಲ ತುಂಡು ಇನ್ನೂ ಬೆಚ್ಚಗಿತ್ತು. ಮಡಕೆಯಲ್ಲಿ ತುಂಬಿ, ಬಟ್ಟೆ ಕಟ್ಟಿ, ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಕಾವೇರಿಗೆ ಬಿಟ್ಟೆವು.

ಸುಡುವವರೂ ಎಲುಬು ಆಯುತ್ತಾರೆ. ಆದರೆ ಬಿಡುವುದಕ್ಕೆ ಆಯುತ್ತಾರೆ. ಜೀವ ಹಳೆಯ ಬಟ್ಟೆ ಕಳಚಿ ಮುಂದೆ ಹೋಗಿದೆ, ಹಿಡಿದಿಟ್ಟುಕೊಳ್ಳಬಾರದು ಎಂಬುದು ನಮ್ಮ ಮನೆಯ ನಂಬಿಕೆ. ಪುನರುತ್ಥಾನಕ್ಕೆ ಕಾಯುವವರು ಇಡುವುದಕ್ಕೆ ಆಯುತ್ತಾರೆ. ಅವರಿಗೆ ದೇಹವೂ ಆ ಮನುಷ್ಯನೇ, ಮತ್ತೆ ಕರೆ ಬರುವವರೆಗೆ ಅವನಿಗೊಂದು ಜಾಗ, ಒಂದು ಹೆಸರು ಇರಬೇಕು. ಸುಡುವುದೋ ಹೂಳುವುದೋ ಎಂಬುದಕ್ಕಿಂತ ಬಿಡುವುದೋ ಇಡುವುದೋ ಎಂಬಲ್ಲಿ ದಾರಿ ಕವಲೊಡೆಯುತ್ತದೆ.

ಹೂಳುವುದೆಲ್ಲ ಪುನರುತ್ಥಾನದ ಗುರುತೂ ಅಲ್ಲ. ನಮ್ಮ ಲಿಂಗಾಯತರು ದೇಹವನ್ನು ಕುಳ್ಳಿರಿಸಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ವಿಭೂತಿ, ಬಿಲ್ವಪತ್ರೆಯೊಡನೆ ಸಮಾಧಿ ಮಾಡುತ್ತಾರೆ. ಅವರು ಕೊನೆಯ ದಿನಕ್ಕೆ ಕಾಯುತ್ತಿಲ್ಲ. ಹೋದವರು ಆಗಲೇ ಲಿಂಗೈಕ್ಯರು. ಇನ್ನು ದೇಹದ ಪುನರುತ್ಥಾನವನ್ನು ನಂಬುವ ಪಾರ್ಸಿಗಳು ಸಂಪ್ರದಾಯದಂತೆ ಮಣ್ಣಿಗೂ ಬೆಂಕಿಗೂ ಕೊಡದೆ ಮೌನಗೋಪುರದಲ್ಲಿ ರಣಹದ್ದುಗಳಿಗೆ ಒಪ್ಪಿಸುತ್ತಿದ್ದರು. ಅವರಿಗೆ ಬೆಂಕಿಯೂ ಭೂಮಿಯೂ ಪವಿತ್ರ.

ಬೇಲಿಗೆ ಕಟ್ಟಿದ ಬಿಳಿ ಬಟ್ಟೆ

ಕೊಲಂಬೋದಲ್ಲಿ 2020ರ ಡಿಸೆಂಬರಿನಲ್ಲಿ ಜನ ಬೊರೆಲ್ಲಾ ಸ್ಮಶಾನದ ಬೇಲಿಗೆ ಬಿಳಿ ಬಟ್ಟೆಯ ಪಟ್ಟಿಗಳನ್ನು ಕಟ್ಟಿದರು. ಬಿಳಿ ಬಟ್ಟೆ ಎಂದರೆ ಕಫನ್, ಮುಸ್ಲಿಮರು ಶವಕ್ಕೆ ಸುತ್ತುವ ವಸ್ತ್ರ. ಕೋವಿಡ್‌ನಿಂದ ಸತ್ತವರನ್ನೆಲ್ಲ ಸುಡಲೇಬೇಕೆಂದು ಶ್ರೀಲಂಕಾ ಸರ್ಕಾರ ಆ ವರ್ಷದ ಏಪ್ರಿಲ್‌ನಲ್ಲಿ ನಿಯಮ ಮಾಡಿತ್ತು. ಹೂಳಿದರೂ ಸುಟ್ಟರೂ ಆಗಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಿದ್ದರೂ ಸರ್ಕಾರ ಕಿವಿಗೊಡಲಿಲ್ಲ. ಇಪ್ಪತ್ತು ದಿನದ ಮುಸ್ಲಿಂ ಹಸುಗೂಸೊಂದನ್ನು ಹೆತ್ತವರ ಒಪ್ಪಿಗೆಯಿಲ್ಲದೆ ಸುಟ್ಟಾಗ ಆ ಪಟ್ಟಿಗಳು ಬೇಲಿಗೆ ಬಂದವು. 2021ರ ಫೆಬ್ರವರಿಯಲ್ಲಿ ನಿಯಮ ಬದಲಾಯಿತು, 2024ರಲ್ಲಿ ಸರ್ಕಾರ ಕ್ಷಮೆ ಕೇಳಿತು. ಆ ತಾಯಿಗೆ ಮಗುವನ್ನು ಮಣ್ಣು ಮಾಡುವ ಗಳಿಗೆ ಮಾತ್ರ ಮರಳಿ ಸಿಗುವುದಿಲ್ಲ.

ಆಲಪ್ಪುಳದಲ್ಲೂ ಬೆಂಕಿ, ಕೊಲಂಬೋದಲ್ಲೂ ಬೆಂಕಿ. ಒಂದು ಕಡೆ ಸಮುದಾಯವೇ ತನ್ನ ನಂಬಿಕೆಯೊಳಗಿಂದ ದಾರಿ ಹುಡುಕಿಕೊಂಡು, ಬೂದಿಯನ್ನು ತನ್ನವರ ನಡುವೆ ಇಟ್ಟುಕೊಂಡಿತು. ಇನ್ನೊಂದು ಕಡೆ ದೇಹವನ್ನು ಮನೆಯವರ ಕೈಯಿಂದ ಕಿತ್ತುಕೊಂಡರು. ಲಿಯಾನಿನ ರೋಮನ್ನರು ಮಾಡಿದ ತಪ್ಪೂ ಇದೇ. ಬೂದಿಯನ್ನು ಒಟ್ಟುಗೂಡಿಸುವ ದೇವರಿಗೆ ಅವರಿಂದ ತೊಂದರೆಯಾಗಲಿಲ್ಲ, ಉಳಿದವರ ಕೈ ಬರಿದಾಯಿತು.

ನಮ್ಮ ಊರುಗಳಲ್ಲಿ ಸಮಾಧಿಗೆ ಜಾಗ ಕಡಿಮೆಯಾಗುತ್ತಿದೆ. ಬೇರೆ ಬೇರೆ ಧರ್ಮದವರು ಒಂದೇ ಮನೆಯಲ್ಲಿ ಬಾಳುತ್ತಿದ್ದಾರೆ. ಈ ಪ್ರಶ್ನೆ ಇನ್ನೂ ಹಲವು ಮನೆಗಳ ಬಾಗಿಲು ತಟ್ಟಲಿದೆ. ಹಿರಿಯರು ಮಾತಾಡುವ ಸ್ಥಿತಿಯಲ್ಲಿರುವಾಗಲೇ ಅವರ ಮನಸ್ಸಿನಲ್ಲಿ ಏನಿದೆ ಎಂದು ಕೇಳಿ ತಿಳಿದುಕೊಳ್ಳೋಣ, ಹೇಳಿದ್ದನ್ನು ನಡೆಸಿಕೊಡೋಣ. ಅಪ್ಪ ತಮ್ಮ ಅಸ್ಥಿಯನ್ನು ಕಾವೇರಿಗೇ ಬಿಡಬೇಕೆಂದು ಹೇಳಿದ್ದರು. ಆ ಒಂದು ಮಾತು ಇದ್ದದ್ದರಿಂದಲೇ ಅಂದು ಮಡಕೆಯನ್ನು ನೀರಿಗೆ ಇಳಿಸಿ ಕೈಬಿಡಲು ನನಗೆ ಸಾಧ್ಯವಾಯಿತು.