ಕವರ್ ಅಲ್ಲ, ಫೋಮ್ ನೋಡಿ
ನಮ್ಮಲ್ಲಿ ಹಲವರದ್ದು ಮನೆಯ ಹಳೇ ಬೈಕು. 50 ಕಿಲೋಮೀಟರ್ ಓಡಿಸಿದ್ರೆ ಸಾಕು, ಕೂತ ಜಾಗ ನೋಯುತ್ತೆ. ಆಗ ನಾವು ಹೊಸ ಸೀಟ್ ಕವರಿಗೆ ದುಡ್ಡು ಸುರಿತೀವಿ. ಆದ್ರೆ ತೊಂದರೆ ಇರೋದು ಒಳಗಿನ ಫೋಮಿನಲ್ಲಿ.

ಒತ್ತಡ ಅಂದ್ರೆ ಬಲ ಭಾಗಿಸು ವಿಸ್ತೀರ್ಣ. ಫೋಮ್ ಕುಗ್ಗಿದ ಮೇಲೆ ಭಾರವೆಲ್ಲ ಕೂರುವ ಎರಡು ಮೂಳೆಗಳ ಮೇಲೇ ಬೀಳುತ್ತೆ. ತೀರಾ ಮೆತ್ತಗಿನ ಫೋಮ್ ಹಾಕಿಸಿದ್ರೂ ಅಷ್ಟೇ, ಅದು ಪೂರ್ತಿ ಅಮುಕಿ ತಳ ತಾಗುತ್ತೆ. ಹಾಗಾಗಿ ಗಟ್ಟಿಯದು ಕೆಳಗೆ, ಮೆತ್ತಗಿನದು ಮೇಲೆ ತೆಳ್ಳಗೆ ಅಂಟಿಸಲು ಹೇಳೋಣ.

ಕಾಲು ನೆಲಕ್ಕೆ ಸಿಗದಿದ್ರೆ ಮಧ್ಯದ ದಪ್ಪ ಕೊಯ್ಯಿಸೋದು ಬೇಡ. ಮುಂಭಾಗದ ಅಂಚುಗಳನ್ನ ಕಿರಿದು ಮಾಡಿಸಿದ್ರೆ ಕಾಲು ನೇರ ಇಳಿಯುತ್ತೆ. ಕವರ್ ಎಳೆದು ಪಿನ್ ಹೊಡೆಯೋ ಮುಂಚೆ ಹತ್ತು ನಿಮಿಷ ಕೂತು ನೋಡೋಣ. ಕೊಯ್ದ ಫೋಮ್ ವಾಪಸ್ ಬೆಳೆಯಲ್ಲ!