ಕಾರ್ಡಿಫ್
ಕಾರ್ಡಿಫ್ ಯುನೈಟೆಡ್ ಕಿಂಗ್‌ಡಮ್‌ನ ಭಾಗವಾದ ವೇಲ್ಸ್‌ನ ರಾಜಧಾನಿ ಹಾಗೂ ಅಲ್ಲಿನ ಅತಿ ದೊಡ್ಡ ನಗರ. ಇದು ವೇಲ್ಸ್‌ನ ದಕ್ಷಿಣ ತೀರದಲ್ಲಿ, ಟಾಫ್ ನದಿಯು ಕಡಲನ್ನು ಸೇರುವೆಡೆಯಲ್ಲಿದೆ. 2021ರ ಜನಗಣತಿಯ ಪ್ರಕಾರ ಇಲ್ಲಿನ ಜನಸಂಖ್ಯೆ ಸುಮಾರು 3.62 ಲಕ್ಷ. ಕಲ್ಲಿದ್ದಲಿನ ರಫ್ತಿನಿಂದ ಈ ಬಂದರು ಜಗತ್ಪ್ರಸಿದ್ಧವಾಯಿತು.

ಇತಿಹಾಸ

ರೋಮನ್ನರು ಇಲ್ಲಿ ಕೋಟೆಯೊಂದನ್ನು ಕಟ್ಟಿದ್ದರು. 11ನೆಯ ಶತಮಾನದ ಕೊನೆಯಲ್ಲಿ ನಾರ್ಮನ್ನರು ಅದೇ ನೆಲೆಯಲ್ಲಿ ತಮ್ಮ ಕೋಟೆಯನ್ನು ನಿರ್ಮಿಸಿದರು. 1801ರಲ್ಲಿ ಊರಿನ ಜನಸಂಖ್ಯೆ ಎರಡು ಸಾವಿರವನ್ನೂ ತಲುಪಿರಲಿಲ್ಲ.

ಉತ್ತರದ ಕಣಿವೆಗಳ ಕಬ್ಬಿಣ ಮತ್ತು ಕಲ್ಲಿದ್ದಲು ಈ ಚಿತ್ರವನ್ನು ಬದಲಿಸಿದವು. ಮರ್ಥರ್ ಟಿಡ್ಫಿಲ್‌ನಿಂದ 1794ರಲ್ಲಿ ಕಾಲುವೆಯೂ 1841ರಲ್ಲಿ ರೈಲುಮಾರ್ಗವೂ ಕಾರ್ಡಿಫ್‌ಗೆ ಬಂದವು. ಬ್ಯೂಟ್‌ನ ಎರಡನೆಯ ಮಾರ್ಕ್ವೆಸ್ ಕಟ್ಟಿಸಿದ ಹಡಗುಕಟ್ಟೆ 1839ರಲ್ಲಿ ತೆರೆಯಿತು. 1905ರಲ್ಲಿ ಕಾರ್ಡಿಫ್‌ಗೆ ನಗರದ ಪಟ್ಟ ದೊರೆಯಿತು. 1913ರಲ್ಲಿ ಇಲ್ಲಿಂದ ಒಂದು ಕೋಟಿ ಟನ್‌ಗೂ ಹೆಚ್ಚು ಕಲ್ಲಿದ್ದಲು ರಫ್ತಾಯಿತು. ಮುಂದೆ ಹಡಗುಗಳು ಎಣ್ಣೆಯನ್ನು ಬಳಸತೊಡಗಿದಂತೆ ಬೇಡಿಕೆ ಕುಸಿಯಿತು. 1955ರಲ್ಲಿ ನಗರವು ರಾಜಧಾನಿಯಾದರೂ, 1964ರಲ್ಲಿ ಕಲ್ಲಿದ್ದಲಿನ ರಫ್ತು ಕೊನೆಗೊಂಡಿತು.

ಟೈಗರ್ ಬೇ

ಹಡಗುಕಟ್ಟೆಗಳ ಬಳಿಯ ಬ್ಯೂಟ್‌ಟೌನ್ ಬಡಾವಣೆಗೆ ಟೈಗರ್ ಬೇ ಎಂಬ ಹೆಸರೂ ಇತ್ತು. ಸೊಮಾಲಿಯಾ, ಯೆಮನ್, ಕೆರಿಬಿಯನ್ ಮುಂತಾದೆಡೆಗಳ ನಾವಿಕರು ಇಲ್ಲಿ ನೆಲೆಸಿ ಸ್ಥಳೀಯರೊಡನೆ ಸಂಸಾರ ಹೂಡಿದರು. ಮೊದಲ ಮಹಾಯುದ್ಧದ ನಂತರ ಉದ್ಯೋಗಕ್ಕಾಗಿ ಪೈಪೋಟಿ ಹೆಚ್ಚಿತು. 1919ರ ಜೂನ್‌ನಲ್ಲಿ ಜನಾಂಗೀಯ ಗಲಭೆಗಳು ನಡೆದು ಜೀವಹಾನಿಯಾಯಿತು. 1960ರ ದಶಕದಲ್ಲಿ ಹಳೆಯ ಮನೆಗಳ ಬಹುಭಾಗವನ್ನು ಕೆಡವಲಾಯಿತು. ಇದರಿಂದ ಅನೇಕ ಕುಟುಂಬಗಳು ಚದುರಿಹೋದವು.

ಕೊಲ್ಲಿಯ ಪುನರುಜ್ಜೀವನ

ಕಡಲಿನ ಭರತ ಇಳಿತಗಳಿಂದ ಕಾರ್ಡಿಫ್ ಕೊಲ್ಲಿಯಲ್ಲಿ ನಿತ್ಯವೂ ಕೆಸರುಬಯಲು ತೆರೆದುಕೊಳ್ಳುತ್ತಿತ್ತು. 1999ರಲ್ಲಿ ಪೂರ್ಣಗೊಂಡ ಅಡ್ಡಗಟ್ಟೆಯು ಟಾಫ್ ಮತ್ತು ಈಲಿ ನದಿಗಳ ನೀರನ್ನು ತಡೆದು ಸುಮಾರು 200 ಹೆಕ್ಟೇರ್ ವಿಸ್ತಾರದ ಸಿಹಿನೀರಿನ ಸರೋವರವನ್ನು ಸೃಷ್ಟಿಸಿತು. ದಡದಲ್ಲಿ ಹೊಸ ಕಟ್ಟಡಗಳು ಎದ್ದವು. ಆದರೆ ಕೆಸರಿನಲ್ಲಿ ಆಹಾರ ಹುಡುಕುತ್ತಿದ್ದ ಹಕ್ಕಿಗಳು ನೆಲೆ ಕಳೆದುಕೊಂಡವು. ಈ ನಷ್ಟಕ್ಕೆ ಪರಿಹಾರವಾಗಿ ನೆರೆಯ ನ್ಯೂಪೋರ್ಟ್ ಬಳಿ ಜೌಗುಪ್ರದೇಶವೊಂದನ್ನು ರೂಪಿಸಲಾಯಿತು.

ಪ್ರಮುಖ ಸ್ಥಳಗಳು

ಕಾರ್ಡಿಫ್ ಕೋಟೆ: ಮೂರನೆಯ ಮಾರ್ಕ್ವೆಸ್‌ಗಾಗಿ ವಾಸ್ತುಶಿಲ್ಪಿ ವಿಲಿಯಂ ಬರ್ಜೆಸ್ 19ನೆಯ ಶತಮಾನದಲ್ಲಿ ಇದರ ಅರಮನೆಯ ಭಾಗವನ್ನು ಅಲಂಕೃತವಾಗಿ ನವೀಕರಿಸಿದನು.

ಕೋಲ್ ಎಕ್ಸ್‌ಚೇಂಜ್: 1880ರ ದಶಕದಲ್ಲಿ ಕಟ್ಟಲಾದ ಕಲ್ಲಿದ್ದಲು ವ್ಯಾಪಾರದ ಕೇಂದ್ರ.

ನಾರ್ವೇಜಿಯನ್ ಚರ್ಚ್: ನಾರ್ವೆಯ ನಾವಿಕರಿಗಾಗಿ ನಿರ್ಮಿಸಿದ ಪ್ರಾರ್ಥನಾ ಮಂದಿರ. 1916ರಲ್ಲಿ ಈ ನಗರದಲ್ಲಿ ಹುಟ್ಟಿದ ಲೇಖಕ ರೋಲ್ಡ್ ಡಾಲ್ ಅವರ ದೀಕ್ಷಾಸ್ನಾನ ಈ ಚರ್ಚಿನಲ್ಲಿ ನಡೆಯಿತು.

ಸೆನೆಡ್: 2006ರಲ್ಲಿ ಉದ್ಘಾಟನೆಯಾದ ವೇಲ್ಸ್‌ನ ಶಾಸನಸಭೆಯ ಕಟ್ಟಡ. ಒಂದು ಕಾಲದಲ್ಲಿ ಕಲ್ಲಿದ್ದಲಿನ ಹಡಗುಗಳು ತುಂಬಿರುತ್ತಿದ್ದ ಕೊಲ್ಲಿಗೆ ಅಭಿಮುಖವಾಗಿ ಇದು ನಿಂತಿದೆ.