ತೋಟ ಗದ್ದೆಗಳ ಕೆಲಸಗಾರರ ನಡುನೋವು

ಕೊಡಗಿನ ಬೇಸಾಯದಲ್ಲಿ ಬೆನ್ನಿಗೆ ಬಿಡುವೆಂಬುದು ಕಡಿಮೆ. ಕಕ್ಕಡ ಮಾಸದ ಮಳೆಯಲ್ಲಿ ಕೆಸರುಗದ್ದೆಯಲ್ಲಿ ಬಾಗಿ ನಾಟಿ ಮಾಡಿದವರೇ ಕೈಲ್ ಮುಹೂರ್ತ ಕಳೆದ ಮೇಲೆ ತೋಟದ ಕಳೆ ತೆಗೆಯಲು ಬಾಗುವರು. ಹುತ್ತರಿಯ ಕಾಲಕ್ಕೆ ಗದ್ದೆಯ ಕೊಯ್ಲೂ ಅರೇಬಿಕಾ ಹಣ್ಣಿನ ಕೊಯ್ಲೂ ಜೊತೆಯಾಗಿ ಬರುವವು. ತರುವಾಯ ರೊಬಸ್ಟಾ, ಕರಿಮೆಣಸು, ಕಪಾತು. ಆದಕಾರಣ ನಡುನೋವಿನ ಮಾತು ಲೈನ್‌ಮನೆಗಳಲ್ಲಿ ಹೇಗೋ ಐನ್‌ಮನೆಗಳಲ್ಲಿಯೂ ಹಾಗೆಯೇ ಕೇಳಿಬರುತ್ತದೆ. ದಿನಗೂಲಿಯವನಿಗೆ ನಡು ಹಿಡಿದರೆ ಅಂದಿನ ಗಂಜಿಗೆ ಕುಂದು. ಆಳು ತಪ್ಪಿದರೆ ಯಜಮಾನನ ಹಣ್ಣು ಗಿಡದಲ್ಲಿಯೇ ಒಣಗಿ ಉದುರುವುದು. ಈ ಬೇನೆಯ ನಿಜಸ್ಥಿತಿಯನ್ನು ಊರ ತಕ್ಕರೂ ಪಟೇಲರೂ ಜಮೀನುದಾರರೂ ಅರಿತಿರುವುದು ಅವಶ್ಯವು. ಏಕೆಂದರೆ ಇದರ ಚಿಕಿತ್ಸೆಯಲ್ಲಿ ಒಂದು ಪಾಲು ವೈದ್ಯನ ಕೈಯಲ್ಲಿಲ್ಲ, ಕೆಲಸ ಹಂಚುವವನ ಕೈಯಲ್ಲಿದೆ.

ನೋವಿನ ಸ್ವರೂಪ

ನಡುವಿನ ಭಾಗದಲ್ಲಿ ಐದು ಕಶೇರುಮಣಿಗಳಿರುತ್ತವೆ. ಅವುಗಳ ನಡುವೆ ಮೆತ್ತೆಯಂತಿರುವ ಬಿಲ್ಲೆಗಳೂ, ಸುತ್ತಲೂ ಸ್ನಾಯು ಮತ್ತು ಕಟ್ಟುನರಗಳೂ ಇರುತ್ತವೆ. ನಡುನೋವಿನಿಂದ ಬಳಲುವ ನೂರು ಮಂದಿಯಲ್ಲಿ ಸುಮಾರು ತೊಂಬತ್ತು ಮಂದಿಗೆ ಎಲುಬು ಮುರಿತವಾಗಲಿ ಇನ್ನಾವ ನಿರ್ದಿಷ್ಟ ರೋಗವಾಗಲಿ ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ ೨೦೨೦ರಲ್ಲಿ ಲೋಕದಲ್ಲಿ ೬೧ ಕೋಟಿ ೯೦ ಲಕ್ಷ ಜನರಿಗೆ ಈ ಬೇನೆ ಇದ್ದಿತು.

ಚಿತ್ರ ತೆಗೆಯಿಸಿ, "ಬಿಲ್ಲೆ ಸವೆದಿದೆ" ಎಂಬ ಮಾತು ಕೇಳಿದೊಡನೆ ಇನ್ನು ದುಡಿಮೆ ಮುಗಿಯಿತೆಂದು ಎದೆಗುಂದುವವರು ಹಲವರು. ಆದರೆ ನೋವೇ ಇಲ್ಲದವರ ಚಿತ್ರಗಳನ್ನು ಕುರಿತ ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೧೫ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಇಪ್ಪತ್ತರ ವಯಸ್ಸಿನವರಲ್ಲಿಯೇ ನೂರಕ್ಕೆ ೩೭ ಮಂದಿಗೂ ಎಂಬತ್ತರವರಲ್ಲಿ ೯೬ ಮಂದಿಗೂ ಬಿಲ್ಲೆಯ ಸವೆತ ಕಂಡುಬಂದಿತು. ಸವೆತವು ತಲೆಯ ನರೆಯಂತೆ ವಯಸ್ಸಿನ ಗುರುತಾಗಿರಬಹುದು. ಅದೊಂದರಿಂದಲೇ ನೋವಿನ ಕಾರಣವನ್ನು ನಿಶ್ಚಯಿಸಲಾಗದು.

ಮಲಗಿರುವುದು ಮದ್ದಲ್ಲ

ನಡು ಹಿಡಿದವನನ್ನು ವಾರಗಟ್ಟಲೆ ಚಾಪೆಯ ಮೇಲೆ ಮಲಗಿಸುವುದು ಬಹುಕಾಲದ ವಾಡಿಕೆ. ೧೯೯೫ರಲ್ಲಿ ಫಿನ್ಲೆಂಡ್ ದೇಶದ ಹೆಲ್ಸಿಂಕಿ ನಗರದ ನೌಕರರಲ್ಲಿ ನಡೆದ ಪರೀಕ್ಷೆಯಲ್ಲಿ, ಎರಡು ದಿನ ಹಾಸಿಗೆ ಹಿಡಿದವರಿಗಿಂತ, ನೋವು ತಡೆದಷ್ಟು ಮಟ್ಟಿಗೆ ನಿತ್ಯದ ಓಡಾಟವನ್ನು ನಡೆಸಿಕೊಂಡವರೇ ಬೇಗ ಗುಣ ಹೊಂದಿದರು. ಮಲಗಿದಷ್ಟೂ ಸ್ನಾಯುಗಳು ಬಲಗುಂದುವವು, ಮೈ ಬಿಗಿಯುವುದು, ಮನಸ್ಸಿನಲ್ಲಿ ಅಂಜಿಕೆ ಬೆಳೆಯುವುದು. ಹೊಸದಾಗಿ ಬಂದ ನೋವು ಬಹುಮಂದಿಗೆ ಆರು ವಾರಗಳೊಳಗಾಗಿ ಬಹುಮಟ್ಟಿಗೆ ಇಳಿಯುವುದು.

ಬಿಸಿ ಶಾಖವು ಹಿತಕರವು. ನೋವಿನ ಗುಳಿಗೆಯನ್ನು ವೈದ್ಯರನ್ನು ಕೇಳಿ ಕೆಲವು ದಿನಗಳ ಮಟ್ಟಿಗೆ ಮಾತ್ರ ಸೇವಿಸತಕ್ಕದ್ದು. ಹೊಟ್ಟೆಹುಣ್ಣು, ಮೂತ್ರಪಿಂಡದ ಬೇನೆ ಇರುವವರು ಅಂಗಡಿಯಿಂದ ತಾವಾಗಿ ಕೊಂಡು ನುಂಗಬಾರದು. ಮೂರು ತಿಂಗಳು ಮೀರಿದ ನೋವಿಗೆ ನಡುಪಟ್ಟಿಯನ್ನೂ ನಡುವನ್ನು ಎಳೆಯಿಸುವ ಚಿಕಿತ್ಸೆಯನ್ನೂ ವಾಡಿಕೆಯಾಗಿ ಬಳಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೩ರಲ್ಲಿ ಸೂಚಿಸಿ, ಕ್ರಮವಾದ ವ್ಯಾಯಾಮವನ್ನೂ ರೋಗಿಗೆ ತಿಳಿವಳಿಕೆ ಕೊಡುವುದನ್ನೂ ಮುಂದಿಟ್ಟಿದೆ.

ಕೆಲಸ ಹಂಚುವವರು ಮಾಡತಕ್ಕದ್ದು

ನಡುನೋವಿನ ಆಳಿಗೆ ಯಜಮಾನರು ಸಾಮಾನ್ಯವಾಗಿ ಎರಡೇ ಮಾತು ಹೇಳುವರು: ಪೂರ್ತಿ ಕೆಲಸ, ಇಲ್ಲವೇ ಮನೆ. ಇವೆರಡರ ನಡುವೆ ಹಗುರ ಕೆಲಸವೆಂಬ ಮೂರನೆಯ ದಾರಿಯುಂಟು. ಕಣದಲ್ಲಿ ಕಾಫಿ ಕೈಯಾಡಿಸುವುದು, ಕಾಳು ಆರಿಸುವುದು, ಸಸಿಮಡಿಯ ಕೆಲಸ, ಎದೆಮಟ್ಟದ ಗಿಡಗಳಲ್ಲಿ ಹಣ್ಣು ಕೊಯ್ಯುವುದು ಮೊದಲಾದವುಗಳನ್ನು ಸ್ಥಾನ ಬದಲಿಸುತ್ತ ಮಾಡಲು ಬಿಟ್ಟರೆ ಕೂಲಿಯೂ ತಪ್ಪದು, ನಡುವೂ ಸಡಿಲಗೊಳ್ಳುವುದು.

ಹೊರೆಯ ವಿಚಾರದಲ್ಲಿ ಏತದ ಮರವನ್ನು ನೆನೆದರೆ ಸಾಕು. ಭಾರವು ಮೈಯಿಂದ ದೂರವಾದಷ್ಟೂ ನಡುವಿನ ಮೇಲಿನ ಎಳೆತವು ಹೆಚ್ಚುವುದು. ಬಾಗಿ, ಮೈ ತಿರುಚಿ ಎತ್ತುವುದು ಎಲ್ಲಕ್ಕಿಂತ ಕೆಟ್ಟದ್ದು. ವಯಸ್ಕ ಗಂಡಸು ಹೊರುವ ಭಾರವು ೫೫ ಕಿಲೋಗ್ರಾಂ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ೧೯೬೭ರಲ್ಲಿ ಶಿಫಾರಸು ಮಾಡಿತು. ಇದು ಕಟ್ಟಕಡೆಯ ಮಿತಿಯೇ ಹೊರತು ನಿತ್ಯದ ಅಳತೆಯಲ್ಲ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ೧೯೯೧ರ ಸೂತ್ರದಂತೆ, ಎಲ್ಲ ಅನುಕೂಲವಿದ್ದಾಗಲೂ ಒಬ್ಬನು ಕೈಯಿಂದ ಎತ್ತತಕ್ಕದ್ದು ೨೩ ಕಿಲೋಗ್ರಾಂ ಮಾತ್ರ. ೫೦ ಕಿಲೋಗ್ರಾಂ ಮೂಟೆಯನ್ನು ಇಬ್ಬರು ಸೇರಿ ಎತ್ತುವುದೇ ಲೇಸೆಂಬುದು ಇದರಿಂದ ವಿಶದವಾಗುತ್ತದೆ.

ಕಿಲೋ ಲೆಕ್ಕದ ಕೂಲಿಯಿರುವಲ್ಲಿ ಕೊಯ್ಯುವವರು ಗೋಣಿಯನ್ನು ತುಂಬಿದಷ್ಟೂ ತುಂಬುವರು. ಚಿಕ್ಕ ಚೀಲಗಳನ್ನು ಕೊಡುವುದು, ತೂಕದ ಸ್ಥಳವನ್ನು ಇಳಿಜಾರಿನ ಸಮೀಪಕ್ಕೆ ತರುವುದು, ಸೊಂಟದೆತ್ತರದ ಕಟ್ಟೆಯಿಂದ ಗಾಡಿಗೆ ಏರಿಸುವುದು — ಇವುಗಳಿಗೆ ತಗಲುವ ವೆಚ್ಚವು ಅಲ್ಪ.

ಎಳೆಯರ ವಿಷಯ

ಈ ಬೇನೆ ದೊಡ್ಡವರಿಗೆ ಮಾತ್ರವೆಂಬುದು ತಪ್ಪು. ಹದಿನೆಂಟರ ಹೊತ್ತಿಗೆ ಇದು ಬಹುಮಟ್ಟಿಗೆ ವಯಸ್ಕರಷ್ಟೇ ಸಾಮಾನ್ಯವಾಗುತ್ತದೆ. ಬೆಳೆಯುವ ಎಲುಬಿನ ಮೇಲೆ ಮೂಟೆ ಹೊರಿಸಲಾಗದು. ಕೊಡಗಿನ ಹುಡುಗರಿಗೆ ಹಾಕಿಯಾಟವು ಪ್ರಾಣಪ್ರಿಯವು. ೧೯೯೭ರಲ್ಲಿ ಕರಡದಲ್ಲಿ ಮೊದಲಾದ ಕೊಡವ ಕುಟುಂಬಗಳ ಹಾಕಿ ಹಬ್ಬವೇ ಇದಕ್ಕೆ ಸಾಕ್ಷಿ. ಆಟವನ್ನು ನಿಲ್ಲಿಸಬೇಕಾದುದಿಲ್ಲ. ಆದರೆ ಬಾಗಿ ತಿರುಗುವ ಆಟಗಾರನಿಗೆ ಹಿಂದಕ್ಕೆ ಬಾಗುವಾಗ ನೋವು ಹೆಚ್ಚಾಗಿ, ಕೆಲವು ವಾರ ಕಳೆದರೂ ಇಳಿಯದಿದ್ದರೆ, ಕಶೇರುಮಣಿಯಲ್ಲಿ ಕಿರುಬಿರುಕು ಬಿಟ್ಟಿರಬಹುದು. ಅಂಥವನನ್ನು ವೈದ್ಯರಿಗೆ ತೋರಿಸಿಯೇ ಮೈದಾನಕ್ಕೆ ಇಳಿಸತಕ್ಕದ್ದು.

ತಡಮಾಡಬಾರದ ಲಕ್ಷಣಗಳು

ಮಲಮೂತ್ರಗಳ ಹಿಡಿತ ತಪ್ಪುವುದು ಅಥವಾ ಮೂತ್ರ ಕಟ್ಟುವುದು, ತೊಡೆಸಂದಿಯ ಸುತ್ತ ಸ್ಪರ್ಶಜ್ಞಾನ ಕುಂದುವುದು, ಕಾಲಿನ ಬಲ ಇಳಿಯುತ್ತ ಬರುವುದು — ಇವು ಕಂಡರೆ ಅದೇ ದಿನ ಮಡಿಕೇರಿಯ ಜಿಲ್ಲಾ ಬೋಧಕ ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು. ಮೆಣಸಿನ ಏಣಿಯಿಂದಲೋ ಮರದಿಂದಲೋ ಬಿದ್ದವನನ್ನು ಎಬ್ಬಿಸಿ ನಡೆಸಬಾರದು. ಅಲುಗದಂತೆ ಹಲಗೆಯ ಮೇಲೆ ಒಯ್ಯತಕ್ಕದ್ದು. ಜ್ವರ, ರಾತ್ರಿಯ ಬೆವರು, ಮೈ ಇಳಿಯುವುದು, ಮಲಗಿದರೂ ಬಿಡದ ನೋವು ಇದ್ದಲ್ಲಿ ಬೆನ್ನೆಲುಬಿನ ಕ್ಷಯ ಮುಂತಾದವುಗಳ ಶಂಕೆಯುಂಟು. ಇಂಥವರಿಗೆ ಎಣ್ಣೆ ನೀವುತ್ತ ಕಾಲ ಕಳೆಯುವುದು ಅಪಾಯಕರವು.

ಮರಳದಂತೆ ಕಾಯುವ ಬಗೆ

ಒಮ್ಮೆ ಬಂದ ನಡುನೋವು ಮತ್ತೆ ಬರುವುದು ಸಾಮಾನ್ಯ. ೨೦೨೪ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಪರೀಕ್ಷೆಯಲ್ಲಿ, ತಿಳಿವಳಿಕೆಯೊಂದಿಗೆ ಕ್ರಮವಾಗಿ ನಡಿಗೆಯನ್ನು ಹೆಚ್ಚಿಸಿಕೊಂಡವರಲ್ಲಿ ನೋವು ಮರಳಲು ಸುಮಾರು ೨೦೮ ದಿನಗಳೂ, ಹಾಗೆ ಮಾಡದವರಲ್ಲಿ ೧೧೨ ದಿನಗಳೂ ಹಿಡಿದವು. ಅವರ ಗುರಿ ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆಯ ನಡಿಗೆ. ಇದಕ್ಕೆ ಕಾಸು ಬೇಡ. ಜೀಪಿನಲ್ಲಿಯೇ ತೋಟ ಸುತ್ತುವ ಯಜಮಾನರಿಗೂ ಇದು ಹಿತಕರವು.

ಈ ಸಾರಿಯ ಕೊಯ್ಲು ಮೊದಲಾಗುವುದಕ್ಕೆ ಮುಂಚೆ ಪ್ರತಿಯೊಬ್ಬ ಜಮೀನುದಾರರೂ ತಮ್ಮ ಗೋಣಿಗಳ ಅಳತೆಯನ್ನು ಒಮ್ಮೆ ನೋಡಿ, ನಡುನೋವಿನ ಆಳುಗಳಿಗೆಂದು ಹಗುರ ಕೆಲಸಗಳ ಪಟ್ಟಿಯೊಂದನ್ನು ಮೇಸ್ತ್ರಿಯ ಕೈಯಲ್ಲಿ ಕೊಟ್ಟಿರುವುದು ಯುಕ್ತವು. ಎತ್ತಿನ ಹೆಗಲು ಹುಣ್ಣಾದರೆ ನೊಗ ಇಳಿಸುವ ವಿವೇಕವು ನಾಡಿನಲ್ಲಿ ಎಂದಿನಿಂದಲೂ ಉಂಟು. ಆಳಿನ ನಡುವಿಗೂ ಅದೇ ವಿವೇಕವು ಸಲ್ಲಬೇಕಾದುದು.